ಎಡಬದಿ ಯಾಕೆ ಉದ್ದವಾಯಿತು?

ಪುಣೆ

ಚಿ. ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಕ್ಕ ಫೋನಿನಲ್ಲಿ ಎಲ್ಲಾ ಹೇಳಿದಳು. ಕೂದಲು ಕತ್ತರಿಸುವುದನ್ನು ಕಲಿಯಲು ಡೊಂಬಿವಲಿಯಿಂದ ದಾದರಿಗೆ ದಿನಾ ಓಡಾಡಿ ಹೈರಾಣಾಗಿದ್ದೀಯಂತೆ. ಜೊತೆಯ ಹುಡುಗಿಯರು ಮೇಲಿಂದ ಕೆಳಕ್ಕೆ ಬೇರೆಬೇರೆ ಉದ್ದಕ್ಕೆ ಕತ್ತರಿಸುವ ಲೇಯರ್ ಕಟ್‌ಗೆ ಹೋದರೂ ನಿನ್ನದಿನ್ನೂ ಒಂದೇ ಉದ್ದದ ಕಟ್‌ನಲ್ಲೇ ನಿಂತಿದೆ, ಅದರಲ್ಲೂ ಎಡಬದಿ ಉದ್ದವಾಗುತ್ತದೆ, ಸಲೂನಿನಲ್ಲಿ ತಲೆ ತೊಳೆಯುವ ಕೆಲಸ ಬಿಟ್ಟು ಬೇರೆ ಕೊಡುವುದಿಲ್ಲ, ‘ನನ್ನ ಕೈಗೆ ಇದು ಹತ್ತಲ್ಲ’ ಅಂತ ಕಣ್ಣೀರು ಹಾಕಿದೆಯಂತೆ.

ಧೈರ್ಯ ತಂದುಕೋ ಅಂತ ಎರಡು ಸಾಲು ಬರೆದರೆ ನಾಳೆ ನೀನು ಕತ್ತರಿಸಿದ ಗೆರೆಯೇನೂ ನೇರವಾಗುವುದಿಲ್ಲ. ಈ ಕೆಲಸದಲ್ಲಿ ಮನಸ್ಸು ಕುಗ್ಗುವುದಕ್ಕೆ ದೊಡ್ಡ ಕಾರಣ, ತಪ್ಪು ಯಾಕಾಯಿತು ಅಂತ ತಿಳಿಯದೇ ಇರುವುದು. ಕಲಿಸುವ ಮೇಡಂ ‘ಸರಿಯಿಲ್ಲ, ಮತ್ತೆ ಮಾಡು’ ಅಂದರೆ ಅದೇ ತಪ್ಪನ್ನೇ ಮತ್ತೆ ಮಾಡುತ್ತೀಯ, ಆಮೇಲೆ ಕೈಯನ್ನು ಬೈದುಕೊಳ್ಳುತ್ತೀಯ. ಆದ್ದರಿಂದ ಹುಮ್ಮಸ್ಸಿನ ಮಾತು ಆಮೇಲೆ. ಮೊದಲು ನಿನ್ನ ಆ ಎಡಬದಿಯ ವಿಷಯಕ್ಕೆ ಬರೋಣ.

ಒಂದೇ ಉದ್ದದ ಕಟ್ ನೋಡಲಿಕ್ಕೆ ಸುಲಭ, ಮಾಡಲಿಕ್ಕೆ ಎಲ್ಲಕ್ಕಿಂತ ಕಷ್ಟ. ಲೇಯರ್‌ನಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಕೂದಲಿನಲ್ಲೇ ಮುಚ್ಚಿಹೋಗುತ್ತದೆ, ಇಲ್ಲಿ ದೂರದಿಂದಲೇ ಕಾಣುತ್ತದೆ. ನಿನ್ನ ಗೆರೆ ಹಿಂದೆ ಸರಿಯಾಗಿದ್ದು ಎಡಗಡೆ ಮುಂದೆ ಬರುತ್ತಾ ಉದ್ದವಾಗುತ್ತಿದ್ದರೆ ಕತ್ತರಿಯನ್ನು ದೂರಬೇಡ, ನಿನ್ನ ಕಾಲು ನೋಡಿಕೋ. ಕುರ್ಚಿಯ ಹಿಂದೆ ನಡುವೆ ನಿಂತು ಶುರು ಮಾಡಿದವಳು ಪಕ್ಕಕ್ಕೆ ಬಂದಾಗಲೂ ಅಲ್ಲೇ ನಿಂತಿರುತ್ತೀಯ. ಕೈ ಮಾತ್ರ ಚಾಚಿ ಆ ಬದಿಯ ಕೂದಲನ್ನು ನಿನ್ನ ಕಡೆಗೆ ಎಳೆದುಕೊಂಡು ಕತ್ತರಿಸುತ್ತೀಯ. ಹಿಂದಕ್ಕೆ ಎಳೆದ ಕೂದಲು ಬಿಟ್ಟ ಮೇಲೆ ತನ್ನ ಜಾಗಕ್ಕೆ ಮರಳುತ್ತದೆ. ಎಷ್ಟು ದೂರ ಎಳೆದಿದ್ದೆಯೋ ಅದಕ್ಕೆ ತಕ್ಕಂತೆ ಉದ್ದ ಉಳಿಯುತ್ತದೆ. ಮದ್ದು ಒಂದೇ: ವಿಂಗಡಿಸಿಟ್ಟ ಕೂದಲಿನ ಪ್ರತಿ ಸೆಕ್ಷನ್‌ಗೂ ಹೆಜ್ಜೆ ಬದಲಿಸಿ, ಕತ್ತರಿಸುವ ಕೂದಲಿನ ನೇರಕ್ಕೆ ನಿನ್ನ ಎದೆ ಬರುವಂತೆ ನಿಲ್ಲು.

ಕಿವಿಯ ಮೇಲೆ ಹಳ್ಳ ಬೀಳುವುದು ಇನ್ನೊಂದು. ಒದ್ದೆ ಕೂದಲನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಕಿವಿಯ ಮೇಲಿಂದ ಎಳೆದರೆ, ಬಿಟ್ಟ ತಕ್ಷಣ ಕಿವಿಯ ಉಬ್ಬು ಅದನ್ನು ಮೇಲಕ್ಕೆತ್ತುತ್ತದೆ. ಅಲ್ಲಿ ಬೆರಳು ಬೇಡ. ಬಾಚಣಿಗೆಯ ಅಗಲ ಹಲ್ಲಿನ ಕಡೆಯಿಂದ ಬಾಚಿ, ಕೂದಲು ತಾನಾಗಿ ಬಿದ್ದಲ್ಲೇ ಬಾಚಣಿಗೆಯ ಕೆಳಗೆ ಕತ್ತರಿಸು. ಹೆಕ್ಕತ್ತಿನ ಹತ್ತಿರವೂ ಹಾಗೆಯೇ, ಅಲ್ಲಿಯ ಕೂದಲು ಪಕ್ಕಕ್ಕೋ ಮೇಲಕ್ಕೋ ಬೆಳೆದಿರುತ್ತದೆ. ಮೊದಲ ಗೆರೆ ಹಾಕುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಸಾಕು. ಆಮೇಲೆ ನೇರ ನಿಲ್ಲಿಸಿ ನೋಡದೆ ಮೇಲಿನ ಸೆಕ್ಷನ್ ಬಿಚ್ಚಬೇಡ.

ಇದೆಲ್ಲದಕ್ಕಿಂತ ಮೊದಲು ಸೆಕ್ಷನ್. ಹಣೆಯ ನಡುವಿನಿಂದ ಹೆಕ್ಕತ್ತಿನವರೆಗೆ ಒಂದು ಬೈತಲೆ, ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಗೆ ಮತ್ತೊಂದು. ನಾಲ್ಕು ಭಾಗ, ನಾಲ್ಕು ಕ್ಲಿಪ್. ಕತ್ತರಿಸಲು ಕೆಳಗೆ ಬಿಡುವ ಪದರ ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ ಇರಲಿ, ಒಳಗಿನ ಮೊದಲ ಗೆರೆ ಅದರ ಮೂಲಕ ಕಾಣಬೇಕು. ನಮ್ಮವರ ದಟ್ಟ ಕೂದಲಿಗೆ ಇನ್ನೂ ತೆಳ್ಳಗೆ ಬೇಕು. ಗೆರೆ ಕಾಣದೆ ಅಂದಾಜಿನಲ್ಲಿ ಕತ್ತರಿಸಿದರೆ ಅಲ್ಲಿಂದಲೇ ಮೆಟ್ಟಿಲು ಶುರುವಾಗುತ್ತದೆ. ಕತ್ತರಿಸುತ್ತಾ ಒಂದು ಬದಿ ಒಣಗಿದರೆ ಸ್ಪ್ರೇ ಮಾಡು. ಒದ್ದೆ ಕೂದಲು ಹಿಗ್ಗುತ್ತದೆ, ಒಣಗಿದ್ದು ಕುಗ್ಗುತ್ತದೆ, ಅರ್ಧ ಒದ್ದೆ ಅರ್ಧ ಒಣಗಿದ ತಲೆಯಲ್ಲಿ ಎರಡು ಬದಿ ಯಾವತ್ತೂ ಸಮ ಬರುವುದಿಲ್ಲ.

ಬೆರಳಿನ ಗಾಯದ ಬಗ್ಗೆಯೂ ಅಕ್ಕ ಹೇಳಿದಳು. ಕೂದಲು ಹಿಡಿದ ಬೆರಳಿನ ಎರಡನೇ ಗೆಣ್ಣು ದಾಟಿ ಕತ್ತರಿ ಹೋಗಬಾರದು. ದಾಟಿದರೆ ಬೆರಳಿನ ಮಾಂಸ ಒಳಗೆ ಬರುತ್ತದೆ, ಕೂದಲಿನ ಬಿಗಿಯೂ ಸಡಿಲವಾಗುತ್ತದೆ. ಉಂಗುರಬೆರಳು ಒಂದು ರಿಂಗ್‌ನಲ್ಲಿ, ಹೆಬ್ಬೆರಳಿನ ತುದಿ ಮಾತ್ರ ಇನ್ನೊಂದರಲ್ಲಿ. ಕೆಲಸ ಮಾಡುವಾಗ ಹೆಬ್ಬೆರಳಿನ ಅಲಗು ಮಾತ್ರ ಆಡಬೇಕು, ಇನ್ನೊಂದು ಅಲುಗಬಾರದು. ಇದನ್ನು ಕೂದಲಿಲ್ಲದೇ ಮನೆಯಲ್ಲಿ ಟಿ.ವಿ. ನೋಡುತ್ತಾ ಹತ್ತು ನಿಮಿಷ ಮಾಡು, ಗಾಳಿಯಲ್ಲಿ ತೆರೆದು ಮುಚ್ಚುತ್ತಾ. ದಿನದ ಕೊನೆಗೆ ಕತ್ತರಿ ಒರೆಸಿ, ತಿರುಪಿನ ಹತ್ತಿರ ಒಂದು ಹನಿ ಎಣ್ಣೆ ಬಿಡು. ಅದರಲ್ಲಿ ಪೇಪರ್, ಫಾಯಿಲ್ ಯಾವುದನ್ನೂ ಕತ್ತರಿಸಬೇಡ, ಯಾರು ಕೇಳಿದರೂ ಕೊಡಬೇಡ. ಮೊಂಡಾದ ಕತ್ತರಿ ಕೂದಲನ್ನು ಕತ್ತರಿಸುವ ಬದಲು ಮಡಚಿ ತಳ್ಳುತ್ತದೆ, ಗೆರೆ ಹಾಳಾದರೆ ನೀನು ನಿನ್ನನ್ನೇ ಅನುಮಾನಿಸುತ್ತೀಯ. ರೈಲಿನಲ್ಲಿ ಹೋಗುವಾಗ ಅದು ಪೆಟ್ಟಿಗೆಯೊಳಗೇ ಇರಲಿ, ಪರ್ಸಿನ ಹೊರಜೇಬಿನಲ್ಲಿ ಬೇಡ.

ಅಭ್ಯಾಸಕ್ಕೆ ಬೇಕಾದ ಡಮ್ಮಿ ತಲೆಗೆ ದುಡ್ಡು ಹೋಗುತ್ತದೆ ಅಂತ ಅಪ್ಪನಿಗೆ ಹೇಳಲು ಹಿಂಜರಿಯುತ್ತಿದ್ದೀಯ ಅಂತಲೂ ಕೇಳಿದೆ. ಒಂದು ಡಮ್ಮಿಯಿಂದ ಐದಾರು ಪಾಠ ತೆಗೆಯಬಹುದು, ಆತುರಪಡಬಾರದು ಅಷ್ಟೆ. ನಿಜವಾದ ಕೂದಲಿನದ್ದೇ ತಗೋ, ಸಿಂಥೆಟಿಕ್ ಕೂದಲು ಬಿಸಿಗೆ ಕರಗುತ್ತದೆ. ಇಪ್ಪತ್ತು ಇಂಚಿನ ಕೂದಲಿದ್ದರೆ ಕತ್ತರಿ ತಾಗಿಸುವ ಮೊದಲು ಸೆಕ್ಷನ್, ಜಡೆ, ರೋಲರ್, ಬ್ಲೋ ಡ್ರೈ ಎಲ್ಲಾ ಅದರ ಮೇಲೇ ಮಾಡು. ಆಮೇಲೆ ಒಂದೇ ಉದ್ದದ ಕಟ್, ಸಲಕ್ಕೆ ಒಂದೇ ಇಂಚಿನ ಹಾಗೆ. ಭುಜದ ಹತ್ತಿರ ಬಂದ ಮೇಲೆ ಉದ್ದ ಲೇಯರ್. ಆಮೇಲೆ ಗದ್ದದ ಮಟ್ಟಕ್ಕೆ ಬಾಬ್, ಹಿಂದೆ ನಲವತ್ತೈದು ಡಿಗ್ರಿ ಎತ್ತಿ. ಕೊನೆಗೆ ಗಿಡ್ಡ ಲೇಯರ್. ಕೂದಲು ಎತ್ತುವ ಕೋನ ಅಳೆಯುವುದು ನೆಲದಿಂದಲ್ಲ, ತಲೆಯ ಚರ್ಮದಿಂದ. ತಲೆ ಗುಂಡಗಿರುವುದರಿಂದ ತೊಂಬತ್ತು ಡಿಗ್ರಿ ಅಂದರೆ ಕಿವಿಯ ಹತ್ತಿರ ಪಕ್ಕಕ್ಕೆ ಚಾಚುತ್ತದೆ, ನೆತ್ತಿಯಲ್ಲಿ ಮೇಲಕ್ಕೆ ನಿಲ್ಲುತ್ತದೆ. ಲೇಯರ್ ಕಟ್‌ನಲ್ಲಿ ದಾರಿ ತಪ್ಪುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ನಿಲುವಾಗಿ ಕತ್ತರಿಸಿದ್ದನ್ನು ಅಡ್ಡವಾಗಿ ತೆಗೆದು ಪರೀಕ್ಷಿಸು, ಉಳಿದ ಮೂಲೆ ತಾನಾಗಿ ಕಾಣುತ್ತದೆ.

ತಲೆ ತೊಳೆಯುವುದನ್ನು ಕೀಳು ಕೆಲಸ ಅಂತ ತಿಳಿಯಬೇಡ. ಡಮ್ಮಿಗೆ ಸುಳಿ ಇಲ್ಲ, ಹಳೆಯ ಗಾಯದ ಗುರುತಿಲ್ಲ, ಹೆಕ್ಕತ್ತಿನ ಕೂದಲು ಮೇಲಕ್ಕೆ ತಿರುಗಿರುವುದಿಲ್ಲ. ಇದೆಲ್ಲಾ ಕೈಗೆ ಸಿಗುವುದು ಬೇಸಿನ್‌ನ ಹತ್ತಿರವೇ. ತೊಳೆಯುವಾಗ ಸುಳಿ ಎಡಕ್ಕೆ ತಿರುಗಿದೆಯೋ ಬಲಕ್ಕೋ, ಒಂದೋ ಎರಡೋ, ಎಲ್ಲಿ ತೆಳ್ಳಗಾಗಿದೆ ಅಂತ ಬೆರಳಲ್ಲೇ ಓದು. ಆಮೇಲೆ ಸೀನಿಯರ್ ಆ ತಲೆಗೆ ಏನು ಮಾಡಿದರು ಅಂತ ನೋಡು. ಸುಳಿಯ ಹತ್ತಿರ ಅವರು ಉದ್ದ ಬಿಟ್ಟಿದ್ದರೆ, ಗಿಡ್ಡವಾದ ಕೂದಲು ಅಲ್ಲಿ ಎದ್ದು ನಿಲ್ಲುತ್ತದೆ ಅಂತಲೇ ಬಿಟ್ಟಿರುತ್ತಾರೆ. ಎಣ್ಣೆ ಹಚ್ಚಿದ ತಲೆಗೆ ಎರಡು ಸಲ ಶಾಂಪೂ ಬೇಕು. ಮೊದಲ ಸಲ ನೊರೆ ಬರದಿದ್ದರೆ ಗಾಬರಿಯಾಗಿ ಇನ್ನಷ್ಟು ಸುರಿಯಬೇಡ.

ಕೈ ಮಾತ್ರ ಜೋಪಾನ. ದಿನವಿಡೀ ನೀರು, ಶಾಂಪೂ ತಾಗಿದ ಕೈಯ ಬೆರಳಸಂದು ಕೆಂಪಾಗಿ ಬಿರಿಯುತ್ತದೆ. ಪ್ರತಿ ತಲೆಯ ಬಳಿಕ ಸಂದುಗಳನ್ನೂ ಒರೆಸಿ ಕ್ರೀಮ್ ಹಚ್ಚು. ಬಣ್ಣಕ್ಕೆ ಗ್ಲೌಸ್ ಇಲ್ಲದೆ ಕೈ ಹಾಕಲೇಬೇಡ. ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೆ ಒಮ್ಮೆ ಅಲರ್ಜಿ ಹತ್ತಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಹೋಗುವುದಿಲ್ಲ. ತುರಿಕೆ, ನೀರುಗುಳ್ಳೆ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸು.

ನಿನ್ನ ಬ್ಲೋ ಡ್ರೈ ಸಂಜೆಯೊಳಗೆ ಕುಸಿಯುತ್ತದೆ ಅಂದೆಯಂತೆ. ಅದರಲ್ಲಿ ಅರ್ಧ ಪಾಲು ಮುಂಬಯಿ ಮಳೆಗಾಲದ್ದು. ನೀರು ತಾಗಿದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಬ್ರಷ್ ಕೊಟ್ಟ ಆಕಾರದಲ್ಲಿ ಮತ್ತೆ ಕೂಡುತ್ತವೆ. ಗಾಳಿಯ ತೇವಕ್ಕೆ ಅವು ಪುನಃ ಬಿಡುತ್ತವೆ. ನಿನ್ನ ಪಾಲಿನ ಅರ್ಧವನ್ನು ಸರಿಪಡಿಸಬಹುದು: ಮೊದಲು ಮುಕ್ಕಾಲು ಭಾಗ ಒಣಗಿಸು, ಬ್ರಷ್‌ಗಿಂತ ಅಗಲವಾದ ಸೆಕ್ಷನ್ ತೆಗೆಯಬೇಡ, ಡ್ರೈಯರ್‌ನ ನಾಝಲ್ ಬುಡದಿಂದ ತುದಿಗೆ ಮುಖ ಮಾಡಿರಲಿ. ಪೂರ್ತಿ ಒಣಗಿ, ಬ್ರಷ್ ಮೇಲೇ ತಣ್ಣಗಾದ ಮೇಲೆ ಬಿಡು. ಬುಡದಲ್ಲಿ ತೇವ ಉಳಿದರೆ ಎಷ್ಟು ಸ್ಪ್ರೇ ಹೊಡೆದರೂ ನಿಲ್ಲುವುದಿಲ್ಲ.

ಬಣ್ಣದ ಪಾಠ ಬಂದಾಗ ವಿವರವಾಗಿ ಬರೆಯುತ್ತೇನೆ. ಈಗಲೇ ಎರಡು ಮಾತು. ಕಣ್ಣಳತೆಯಲ್ಲಿ ಕಲಸಬೇಡ, ಗ್ರಾಂ ತಕ್ಕಡಿ ಇಡು. ಒಂದು ಭಾಗ ಕ್ರೀಮ್‌ಗೆ ಒಂದೂವರೆ ಭಾಗ ಡೆವಲಪರ್ (ಪೆರಾಕ್ಸೈಡ್) ಅಂತ ಚೀಟಿ ಹೇಳಿದರೆ 40 ಗ್ರಾಂಗೆ 60. ಇನ್ನೊಂದು, ಮೆಹಂದಿ ಹಾಕಿದ್ದೀರಾ ಅಂತ ಕೇಳದೆ ಯಾರ ತಲೆಗೂ ಬಣ್ಣ ಮುಟ್ಟಿಸಬೇಡ. ಪೇಟೆಯ ಕೆಲವು ಕರಿ ಮೆಹಂದಿಯಲ್ಲಿ ಲೋಹದ ಲವಣ ಇರುತ್ತದೆ, ಪೆರಾಕ್ಸೈಡ್ ತಾಗಿದರೆ ಬಿಸಿಯೇರಿ ಕೂದಲು ತುಂಡಾಗಬಹುದು. ಒಂದು ಎಳೆಯಲ್ಲಿ ಪರೀಕ್ಷೆ, ಅಲರ್ಜಿ ಇದೆಯೋ ಅಂತ ನೋಡಲು ಚರ್ಮಕ್ಕೆ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್, ಇವೆರಡನ್ನೂ ಬಿಡಬೇಡ.

ಈಗ ಮನಸ್ಸಿನ ವಿಷಯ. ರೈಲಿನಲ್ಲಿ ನಿಂತು ಹೋಗಿ, ನಿಂತು ಕಲಿತು, ನಿಂತೇ ಬರುವ ದೇಹಕ್ಕೆ ರಾತ್ರಿ ಎಂಟಕ್ಕೆ ಎಲ್ಲವೂ ಸೋಲಾಗಿಯೇ ಕಾಣುತ್ತದೆ. ಆ ಹೊತ್ತಿನಲ್ಲಿ ಕೋರ್ಸ್ ಬಿಡುವ ತೀರ್ಮಾನ ಮಾಡಬೇಡ. ಕುರ್ಚಿ ಏರಿಸಿ ಇಳಿಸಿ ಮೊಣಕೈ ಭುಜಕ್ಕಿಂತ ಕೆಳಗಿರುವಂತೆ ಮಾಡಿಕೋ, ಚಪ್ಪಟೆ ಮೆತ್ತನೆಯ ಶೂ ಹಾಕು, ಮಧ್ಯಾಹ್ನದ ಡಬ್ಬಿ ಬಿಡಬೇಡ. ಅರ್ಧ ಹತಾಶೆ ಅಲ್ಲೇ ಇಳಿಯುತ್ತದೆ.

ಜೊತೆಯವರ ತಲೆ ನೋಡಿ ಅಳೆಯಬೇಡ, ನಿನ್ನದೇ ಡಮ್ಮಿಯ ಫೋಟೋ ನೋಡು. ಪ್ರತಿ ಕಟ್ ಮುಗಿದಾಗ ಮುಂದೆ, ಹಿಂದೆ, ಎರಡೂ ಪಕ್ಕ, ಒಂದೇ ದೂರದಿಂದ ನಾಲ್ಕು ಫೋಟೋ. ಪುಸ್ತಕದಲ್ಲಿ ಮೂರು ಸಾಲು: ಎಲ್ಲಿ ತಪ್ಪಿತು, ಯಾಕೆ, ಮುಂದಿನ ಸಲ ಯಾವುದೊಂದನ್ನು ಬದಲಿಸುತ್ತೇನೆ. ಒಂದನ್ನೇ ಬದಲಿಸು. ನಿಲುವು, ಬಿಗಿ, ಸೆಕ್ಷನ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮೇಡಂ ಹತ್ತಿರ ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ಹೌದು ಇಲ್ಲ ಅಷ್ಟೇ ಸಿಗುತ್ತದೆ. ‘ಎಡಗಡೆ ಕಿವಿಯಿಂದ ಮುಂದೆ ಉದ್ದ ಆಗಿದೆ, ನಾನು ನಿಂತದ್ದು ತಪ್ಪೋ, ಹಿಡಿದದ್ದೋ?’ ಅಂತ ಕೇಳು, ಬೈಯುವವರೂ ಬಂದು ಕೈ ಹಿಡಿದು ತೋರಿಸುತ್ತಾರೆ. ಹಾಗೆ ಕೇಳಿಕೇಳಿಯೂ ತಿಂಗಳುಗಟ್ಟಲೆ ಕತ್ತರಿ ಮುಟ್ಟಲು ಬಿಡದಿದ್ದರೆ ಆಗ ಜಾಗ ಬದಲಿಸೋಣ. ಕಸುಬು ಬದಲಿಸುವ ಮಾತು ಬೇಡ.

ಮಂಗಳವಾರ ಕೂದಲು ಕತ್ತರಿಸಿಕೊಳ್ಳದವರು ಮುಂಬಯಿಯಲ್ಲಿ ಇನ್ನೂ ಬಹಳ ಮಂದಿ. ಶ್ರಾವಣದಲ್ಲಿ ಮರಾಠಿ ಗಂಡಸರಲ್ಲಿ ಅನೇಕರು ಗಡ್ಡ, ಕೂದಲು ಮುಟ್ಟಿಸುವುದಿಲ್ಲ. ಸಲೂನ್ ಖಾಲಿಯಿರುವ ಆ ಹೊತ್ತನ್ನು ಕೇಳಿ ಪಡೆದುಕೋ. ನಿಜವಾದ ತಲೆಗೆ ಬಿಲ್ಡಿಂಗಿನ ಆಂಟಿಯರಲ್ಲೇ ಯಾರನ್ನಾದರೂ ಕೇಳು, ತುದಿ ಅರ್ಧ ಇಂಚು ಮಾತ್ರ ಅಂತ. ‘ಸ್ವಲ್ಪ’ ಅಂದರೆ ಎಷ್ಟು ಅಂತ ಅವರ ಬೆರಳಲ್ಲೇ ತೋರಿಸಲಿ. ಗುಂಗುರು ಕೂದಲಾದರೆ ಒಣಗಿದ ಮೇಲೆ ಮೇಲಕ್ಕೆ ಹೋಗುತ್ತದೆ, ಒದ್ದೆಯಲ್ಲಿ ಇನ್ನೂ ಕಮ್ಮಿ ಕತ್ತರಿಸು. ಸೊಂಟ ದಾಟಿದ ಕೂದಲಾದರೆ ಅವರನ್ನು ನಿಲ್ಲಿಸಿ ಕತ್ತರಿಸು, ಕುರ್ಚಿಯ ಬೆನ್ನಿಗೆ ತಾಗಿದ ಕೂದಲಿನ ಗೆರೆ ನಂಬಬಾರದು.

ಮುಂದಿನ ಮಂಗಳವಾರ ಒಂದೇ ಉದ್ದದ ಕಟ್ ಮಾಡು, ಹೆಜ್ಜೆ ಬದಲಿಸುವುದೊಂದನ್ನೇ ಗಮನಿಸು. ನಾಲ್ಕೂ ಫೋಟೋ ನನಗೆ ಕಳಿಸು, ನೀನು ಬರೆದ ಮೂರು ಸಾಲಿನ ಜೊತೆಗೆ. ಡಮ್ಮಿಯ ದುಡ್ಡಿನ ವಿಷಯ ನಾನು ಭಾವನ ಹತ್ತಿರ ಮಾತಾಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಚಿಕ್ಕಮ್ಮ