ಸರೋಜತ್ತೆಗೆ ಓದಿ ಹೇಳು

ಲಿಸ್ಬನ್, ಭಾನುವಾರ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಮಳೆ ಹಿಡಿದಿದೆ ಅಂತ ಪುಟ್ಟ ಹೇಳಿದ. ಅಡಿಕೆಗೆ ಮೊದಲ ಔಷಧಿ ಹೊಡೆದು ಮುಗಿಯಿತಾ?

ನಿನ್ನ ಕಾಗದ ಬಂತು. ಫೋನಿನಲ್ಲಿ ಮಾತಾಡಿದರೆ ಸರೋಜತ್ತೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ ಅಂದಿದ್ದೀಯ. ಥೈರಾಯ್ಡ್ ಆಪರೇಷನ್ ಆದಮೇಲೆ ಅತ್ತೆಯ ದನಿ ಸ್ವಲ್ಪ ಒಡೆದಿದೆ ಅನ್ನುವುದಷ್ಟೇ ನನಗೆ ಗೊತ್ತಿತ್ತು. ಅತ್ತೆ ಹಾರ್ಮೋನಿಯಂ ಅನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದು, ಪಾಠಕ್ಕೆ ಬರುವ ಮಕ್ಕಳನ್ನು ವಾಪಸ್ ಕಳಿಸಿದ್ದು, ಭದ್ರಾವತಿ ಆಕಾಶವಾಣಿಯಿಂದ ಕರೆದರೂ ಆಗಲ್ಲ ಅಂದಿದ್ದು ಇದ್ಯಾವುದೂ ಗೊತ್ತಿರಲಿಲ್ಲ. ದೇವರ ಮುಂದೆ ಕೂಡ ಬಾಯಿ ಬಿಡುತ್ತಿಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಮನಸ್ಸಿಗೆ ತುಂಬಾ ಕಷ್ಟವಾಯಿತು. ನಾನು ಕಂಡಂತೆ ಆ ಮನೆಯಲ್ಲಿ ಬೆಳಿಗ್ಗೆ ಕಾಫಿಗಿಂತ ಮೊದಲು ಏಳುತ್ತಿದ್ದದ್ದೇ ಅವರ ಹಾಡು.

ಈ ಕಾಗದವನ್ನು ಅವರಿಗೆ ಓದಿ ಹೇಳು. ಮುಚ್ಚಿಡಬೇಡ.

ಮೊದಲು ಡಾಕ್ಟರ ವಿಷಯ. ಥೈರಾಯ್ಡ್ ಪಕ್ಕದಲ್ಲೇ ಸ್ವರತಂತುಗಳ ನರ ಹಾದುಹೋಗುತ್ತದೆ. ದನಿಯನ್ನು ಮೇಲಕ್ಕೆ ಏರಿಸಲು ಇನ್ನೊಂದು ಸಣ್ಣ ನರ ಇದೆ, ಅದೂ ಅಲ್ಲೇ. ಆಪರೇಷನ್ ಹೊತ್ತಿಗೆ ಅವು ಸ್ವಲ್ಪ ಎಳೆದಂತಾದರೂ ಸಾಕು, ದನಿ ಗೊಗ್ಗರಾಗುತ್ತದೆ, ಮೇಲಿನ ಸ್ವರ ಸಿಗುವುದಿಲ್ಲ. ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ಸುಮ್ನೆ ಮೂಲೆಯಲ್ಲಿ ಕೂತು ನೋಡುವ ವಿಷಯ ಅಲ್ಲ ಇದು. ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಸ್ವರತಂತುಗಳು ಹೇಗೆ ಆಡುತ್ತಿವೆ ಅಂತ ನೋಡಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಗೆಂದೇ ಚಿಕಿತ್ಸೆ ಇದೆ, ಮಾನಸಗಂಗೋತ್ರಿಯಲ್ಲಿ. ಅಲ್ಲಿಗೆ ಕರೆದುಕೊಂಡು ಹೋಗಿ. ಖರ್ಚು ನನ್ನದು. ಅಪ್ಪ ಬೇಡ ಅನ್ನುವುದು ಬೇಡ.

ಇನ್ನು ಅತ್ತೆಗೆ. ಅತ್ತೆ, ಇದ್ದ ದನಿ ಹೋಯಿತು, ಇನ್ನೇನು ಹಾಡೋದು ಅಂದಿರಂತೆ. ಈ ಊರಿನ ಒಬ್ಬ ಹಾಡುಗಾರ್ತಿಯ ಕಥೆ ಹೇಳುತ್ತೇನೆ, ಪೂರ್ತಿ ಕೇಳಿ. ಅಮಾಲಿಯಾ ರೊಡ್ರಿಗಸ್ ಅಂತ ಅವರ ಹೆಸರು. ಇಲ್ಲಿಯವರು ಬರೀ ಅಮಾಲಿಯಾ ಅನ್ನುತ್ತಾರೆ. ಅವರು ಹಾಡುತ್ತಿದ್ದದ್ದು ಫಾಡೊ, ಈ ದೇಶದ ಹಾಡಿನ ಒಂದು ಬಗೆ. ಒಂದು ದನಿ, ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಜೊತೆಗೆ ಒಂದು ಮಾಮೂಲಿ ಗಿಟಾರು. ಅಷ್ಟೇ. ಹಾಡುವ ಮನೆಗಳಲ್ಲಿ ದೀಪ ಸಣ್ಣದು ಮಾಡುತ್ತಾರೆ, ಬಡಿಸುವವರೂ ತಟ್ಟೆ ಕೆಳಗಿಟ್ಟು ನಿಲ್ಲುತ್ತಾರೆ. ಯಾರಾದರೂ ಪಿಸುಗುಟ್ಟಿದರೂ ಸುತ್ತಲಿನವರು ತಿರುಗಿ ನೋಡುತ್ತಾರೆ. ನಮ್ಮ ಸಭೆಗಳಲ್ಲಿ ಈ ಶಿಸ್ತು ಇಲ್ಲ ಅಂತ ನೀವು ಬೇಜಾರು ಮಾಡಿಕೊಳ್ಳುತ್ತಿದ್ದಿರಲ್ಲ, ಇಲ್ಲಿ ಬಂದು ನೋಡಬೇಕು.

ಅಮಾಲಿಯಾ ಹುಟ್ಟಿದ್ದು 1920ರಲ್ಲಿ, ಬಡವರ ಮನೆಯಲ್ಲಿ. ಬೆಳೆಸಿದ್ದು ಅಜ್ಜಿ. ದಾಖಲೆಯಲ್ಲಿ ಜುಲೈ 23 ಅಂತಿದೆ. ಚೆರ್ರಿ ಹಣ್ಣಿನ ಕಾಲದಲ್ಲಿ ಹುಟ್ಟಿದ್ದು ಅಂತ ಮನೆಯವರು ಹೇಳುತ್ತಿದ್ದರಂತೆ, ನೀವು ಹಲಸಿನ ಹಣ್ಣಿನ ಕಾಲದಲ್ಲಿ ಹುಟ್ಟಿದ್ದು ಅಂತ ಅಜ್ಜಿ ಹೇಳುತ್ತಿದ್ದ ಹಾಗೆ. ಅದಕ್ಕೆ ಅವರು ಜುಲೈ 1ನ್ನೇ ಹುಟ್ಟುಹಬ್ಬ ಮಾಡಿಕೊಂಡರು. ಚಿಕ್ಕವರಿದ್ದಾಗ ಕಸೂತಿ ಹಾಕಿದರು, ಹಡಗುಕಟ್ಟೆಯ ಕಡೆ ಹಣ್ಣು ಮಾರಿದರು. 1939ರಲ್ಲಿ ಒಂದು ಫಾಡೊ ಮನೆಯಲ್ಲಿ ಹಾಡಲು ಶುರು ಮಾಡಿದರು. ಬೇಗನೆ ಊರಿಗೆಲ್ಲ ಹೆಸರಾಯಿತು.

ಆದರೆ ಎಷ್ಟೋ ವರ್ಷ ಅವರ ಒಂದು ರೆಕಾರ್ಡೂ ಇರಲಿಲ್ಲ. ಅವರ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದವರು, ಪ್ಲೇಟು ಬಂದರೆ ಜನ ಮನೆಯಲ್ಲೇ ಕೇಳುತ್ತಾರೆ, ದುಡ್ಡು ಕೊಟ್ಟು ಬರುವುದಿಲ್ಲ ಅಂತ ತಡೆದಿದ್ದರು. ಕೊನೆಗೆ ಮೊದಲ ರೆಕಾರ್ಡಿಂಗ್ ಆಗಿದ್ದು 1945ರಲ್ಲಿ, ಅದೂ ಇಲ್ಲಲ್ಲ, ಬ್ರೆಜಿಲ್‌ನ ರಿಯೊದಲ್ಲಿ. ಕಾಂಟಿನೆಂಟಲ್ ಅನ್ನುವ ಕಂಪನಿಗೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳಲ್ಲಿ. ಹತ್ತೊಂಬತ್ತರ ಆ ಹುಡುಗಿಯ ದನಿ ಪ್ಲೇಟಿನ ಮೇಲೆ ಉಳಿಯಲೇ ಇಲ್ಲ. ನಿಮ್ಮ ಹಳೇ ದನಿಯಾದರೂ ಆಕಾಶವಾಣಿಯ ಟೇಪುಗಳಲ್ಲಿ ಇದೆ ಅತ್ತೆ. ಆದರೂ ಅಮಾಲಿಯಾರನ್ನು ಯಾರೂ ಕಮ್ಮಿ ಅನ್ನಲಿಲ್ಲ. ಆಮೇಲಿನ ಒಂದೊಂದು ಕಾಲದ ದನಿಯನ್ನೂ ಇಲ್ಲಿಯವರು ಬೇರೆ ಬೇರೆಯಾಗಿ ಪ್ರೀತಿಸುತ್ತಾರೆ.

ಆಮೇಲೆ ಇಲ್ಲಿಯ ವಲೆಂಟಿಂ ದ ಕರ್ವಾಲ್ಯೊ ಕಂಪನಿ ಸೇರಿದರು. 1952ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊಗೆ ಹೋಗಿ ಹಾಡಿ ಬಂದರು. 1955ರಲ್ಲಿ ಒಂದು ಫ್ರೆಂಚ್ ಸಿನಿಮಾದಲ್ಲಿ ಹಾಡಿದರು, ಮರುವರ್ಷ ಪ್ಯಾರಿಸ್‌ನ ಒಲಿಂಪಿಯಾ ರಂಗಮಂದಿರದ ಬಾಗಿಲು ಅವರಿಗೆ ತೆರೆಯಿತು. ಅಲ್ಲಿಯ ಸಂಗೀತ ಕಚೇರಿ ರೆಕಾರ್ಡ್ ಆಗಿ ದೇಶದೇಶಕ್ಕೆ ಹೋಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದಾದ ಮೇಲಿನದು. ಅಷ್ಟು ಹೆಸರು ಬಂದಮೇಲೆ ಹಳೇ ಹಾಡುಗಳನ್ನೇ ಹಾಡಿಕೊಂಡು ಇರಬಹುದಿತ್ತು ಅಲ್ವಾ? ಅವರು ಅಲೆಂ ಉಲ್ಮಾನ್ ಅನ್ನುವ ಸಂಗೀತಗಾರನ ಕೈಹಿಡಿದು ದೊಡ್ಡ ಕವಿಗಳ ಕವಿತೆಗಳನ್ನು ಹಾಡಲು ಹೊರಟರು. ಉಲ್ಮಾನ್ ಮಾಡಿದ ಸ್ವರಸಂಯೋಜನೆ ಕೇಳಿ, ಇದು ಫಾಡೊನಾ ಅಂತ ಪಕ್ಕವಾದ್ಯದವರೇ ಗೊಣಗಿದರಂತೆ. 1962ರಲ್ಲಿ ಆ ಆಲ್ಬಂ ಬಂತು. ಹೊದಿಕೆಯ ಮೇಲೆ ಅವರ ಎದೆಮಟ್ಟದ ಶಿಲ್ಪದ ಚಿತ್ರ ಇರುವುದರಿಂದ ಎಲ್ಲರೂ ಅದನ್ನು ಬುಶ್ಟು ಅಂತಲೇ ಕರೆಯುತ್ತಾರೆ. 1965ರಲ್ಲಿ ಕಮೊಯಿಂಶ್‌ನ ಪದ್ಯಗಳನ್ನು ಹಾಡಿದಾಗ ಗಲಾಟೆಯೇ ಆಯಿತು. ಕಮೊಯಿಂಶ್ 16ನೇ ಶತಮಾನದ ಮಹಾಕವಿ, ಅವನನ್ನು ಫಾಡೊ ಹಾಡುವವಳು ಮುಟ್ಟಬಹುದಾ ಅಂತ ಪೇಪರಿನಲ್ಲಿ ಚರ್ಚೆ. ಅವರು ನಿಲ್ಲಿಸಲಿಲ್ಲ. 1970ರ ‘ಕೋಂ ಕೆ ವೋಶ್’ ಆಲ್ಬಂನಲ್ಲಿ ಮತ್ತೆ ಅದೇ ಕವಿಯನ್ನು ಹಾಡಿದರು. ನನ್ನನ್ನು ಕೇಳಿದರೆ ಅದೇ ಅವರ ಅತಿ ಚೆಂದದ ರೆಕಾರ್ಡು. ಪುಟ್ಟನಿಗೆ ಲಿಂಕ್ ಕಳಿಸಿದ್ದೇನೆ, ಮಧ್ಯಾಹ್ನ ಕರೆಂಟ್ ಇದ್ದಾಗ ಹಾಕಿ ಕೇಳಿಸುತ್ತಾನೆ.

ಈಗ ಮುಖ್ಯ ಮಾತು. ವಯಸ್ಸು ಅರವತ್ತಾಗುವ ಹೊತ್ತಿಗೆ ಅಮಾಲಿಯಾರ ದನಿ ಮೊದಲಿನ ಹಾಗೆ ಇರಲಿಲ್ಲ. ಕೆಳಗೆ ಇಳಿದಿತ್ತು, ಒರಟಾಗಿತ್ತು. ನಾನು 1950ರ ದಶಕದ ರೆಕಾರ್ಡನ್ನೂ 1983ರದ್ದನ್ನೂ ಒಂದರ ಹಿಂದೊಂದು ಹಾಕಿ ಕೇಳಿದೆ, ಯಾರಿಗಾದರೂ ತಿಳಿಯುತ್ತದೆ. ಅಂಥ ದನಿ ಇಟ್ಟುಕೊಂಡು ಅವರು ಏನು ಮಾಡಿದರು ಗೊತ್ತಾ? ಎರಡು ಆಲ್ಬಂ ತುಂಬಾ ತಾವೇ ಬರೆದ ಪದ್ಯಗಳನ್ನು ಹಾಡಿದರು, ಒಂದು 1980ರಲ್ಲಿ, ಇನ್ನೊಂದು 1983ರಲ್ಲಿ. ಎರಡನೆಯದರ ಹೆಸರು ‘ಲಾಗ್ರಿಮ’. ಆ ಹೆಸರಿನ ಹಾಡನ್ನು ಇವತ್ತಿನ ಹುಡುಗಿಯರೆಲ್ಲ ಹಾಡುತ್ತಾರೆ, ಫಾಡೊ ಮನೆಗಳಲ್ಲಿ ನಾನೇ ಕೇಳಿದ್ದೇನೆ. ಎಳೇ ದನಿಯಲ್ಲಿ ಅವರೆಲ್ಲ ಚೆನ್ನಾಗಿಯೇ ಹಾಡುತ್ತಾರೆ. ಆದರೆ ಆ ಮುದಿ ದನಿಯಲ್ಲಿ ಕೇಳಿದಾಗ ಆಗುವುದು ನನಗೆ ಇವರಲ್ಲಿ ಆಗಲಿಲ್ಲ.

‘ಲಾಗ್ರಿಮ’ ಬಂದ ಮರುವರ್ಷ ಅಮಾಲಿಯಾರಿಗೆ ಕಾಯಿಲೆ. ಗಡ್ಡೆ ಅಂದರು. ಅವರು ಒಬ್ಬರೇ ನ್ಯೂಯಾರ್ಕಿಗೆ ಹೋಗಿ ಹೋಟೆಲ್ ರೂಮಿನಲ್ಲಿ ಇದ್ದುಬಿಟ್ಟರು. ಬದುಕೇ ಬೇಡ ಅನ್ನಿಸಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಅಲ್ಲಿ ಫ್ರೆಡ್ ಅಸ್ಟೇರ್ ಕುಣಿಯುವ ಹಳೇ ಸಿನಿಮಾಗಳನ್ನು ನೋಡುತ್ತಾ ನೋಡುತ್ತಾ ಮನಸ್ಸು ತಿರುಗಿತಂತೆ. ವಾಪಸ್ ಬಂದರು, 1985ರಲ್ಲಿ ಲಿಸ್ಬನ್ನಿನ ದೊಡ್ಡ ರಂಗಮಂದಿರದಲ್ಲಿ ಹಾಡಿದರು. 1990ರಲ್ಲಿ ಮತ್ತೊಂದು ಆಲ್ಬಂ ಬಂತು, ಆಗ ಅವರಿಗೆ 70. ಅತ್ತೆ, ನಿಮಗೆ ಇನ್ನೂ 61. ನಿಮ್ಮ ಗಡ್ಡೆ ಕೆಟ್ಟದ್ದಲ್ಲ ಅಂತ ರಿಪೋರ್ಟು ಬಂದಿದೆ. ನಾಲ್ಕೂವರೆಯ ಶ್ರುತಿ ಸಿಗದಿದ್ದರೆ ಎರಡಕ್ಕೆ ಇಳಿಸಿ. ತಾರಸ್ಥಾಯಿ ಇಲ್ಲದ ಹಾಡು ನಿಮಗೆ ಎಷ್ಟು ಬರುತ್ತವೆ! ಡಾಕ್ಟರು ನೋಡಿ ಹೇಳುವ ತನಕ ಗಂಟಲಿಗೆ ತ್ರಾಸು ಕೊಡಬೇಡಿ, ಪಿಸುದನಿಯಲ್ಲೂ ಮಾತಾಡಬೇಡಿ, ಅದರಿಂದ ಗಂಟಲಿಗೆ ಜಾಸ್ತಿ ಆಯಾಸ. ಆದರೆ ಹಾರ್ಮೋನಿಯಂ ಅಟ್ಟದಿಂದ ಇಳಿಸಿ. ಮಳೆಗಾಲದಲ್ಲಿ ಅಟ್ಟದ ಮೇಲೆ ತಿದಿ ಹಾಳಾಗುತ್ತದೆ. ಮಕ್ಕಳನ್ನು ವಾಪಸ್ ಕರೆಸಿ, ನುಡಿಸುತ್ತಾ ತಿದ್ದಬಹುದು.

ಅಮಾಲಿಯಾ 1999ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಸರ್ಕಾರ ಮೂರು ದಿನ ಶೋಕ ಆಚರಿಸಿತು. 2001ರಲ್ಲಿ ದೇಶದ ದೊಡ್ಡವರನ್ನು ಇಡುವ ಪ್ಯಾಂಥಿಯಾನ್‌ಗೆ ಅವರನ್ನು ಸೇರಿಸಿದರು. ಹಣ್ಣು ಮಾರಿದ ಹುಡುಗಿಗೆ ಆ ಗೌರವ! ಸಾವ್ ಬೆಂತು ಬೀದಿಯಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ. ನೀವು ಬಂದರೆ ಕರೆದುಕೊಂಡು ಹೋಗುತ್ತೇನೆ.

ಅಮ್ಮ, ನನ್ನ ಊಟದ ಬಗ್ಗೆ ಕೇಳಿದ್ದೀಯ. ಏನೂ ತೊಂದರೆ ಇಲ್ಲ. ಮೊರಾರಿಯಾ ಅನ್ನುವ ಕೇರಿಯಲ್ಲಿ ಅಕ್ಕಿ, ಬೇಳೆ, ಹಿಂಗು, ಒಣಮೆಣಸು ಎಲ್ಲಾ ಸಿಗುತ್ತದೆ. ಫಾಡೊ ಹುಟ್ಟಿದ ಕೇರಿಗಳಲ್ಲಿ ಅದೂ ಒಂದು. ಅಂಗಡಿಗಳಲ್ಲಿ ಉಪ್ಪು ಹಾಕಿ ಒಣಗಿಸಿದ ದೊಡ್ಡ ಮೀನನ್ನು ಹಲಗೆಯ ಹಾಗೆ ಪೇರಿಸಿಟ್ಟಿರುತ್ತಾರೆ, ಆ ವಾಸನೆಯೂ ಈಗ ಅಭ್ಯಾಸವಾಗಿದೆ. ಮೊನ್ನೆ ಸಂತ ಅಂತೋನಿಯ ಹಬ್ಬ ಇತ್ತು. ಬೀದಿ ತುಂಬಾ ಸುಟ್ಟ ಸಾರ್ಡೀನ್ ಹೊಗೆ, ಕೈಯಲ್ಲಿ ಸಣ್ಣ ಕಾಮಕಸ್ತೂರಿ ಕುಂಡ. ಅದರಲ್ಲಿ ನಾಲ್ಕು ಸಾಲಿನ ಪದ್ಯ ಸಿಕ್ಕಿಸಿರುತ್ತಾರೆ. ಗಿಡಕ್ಕೆ ಮೂಗು ತಾಗಿಸಬಾರದಂತೆ, ಅಂಗೈಯಿಂದ ಸವರಿ ಅಂಗೈ ಮೂಸಬೇಕು. ಎಷ್ಟು ಒಳ್ಳೇ ಪದ್ಧತಿ ನೋಡು. ನಾನೂ ಒಂದು ತಂದು ಕಿಟಕಿಯಲ್ಲಿ ಇಟ್ಟಿದ್ದೇನೆ.

ರಾತ್ರಿ ಒಬ್ಬಳೇ ಓಡಾಡಬೇಡ ಅಂತ ಬರೆದಿದ್ದೀಯ. ಓಡಾಡುವುದಿಲ್ಲ. ಫಾಡೊಗೆ ಹೋದಾಗಲೂ ಆಫೀಸಿನವರು ಜೊತೆಗಿರುತ್ತಾರೆ, ಮನೆ ಬಾಗಿಲ ತನಕ ಬಿಡುತ್ತಾರೆ. ಕೆಮ್ಮು ಪೂರ್ತಿ ಹೋಗಿದೆ. ತೂಕ ಇಳಿದಿಲ್ಲ. ದುಡ್ಡು ಸಾಕಷ್ಟಿದೆ. ನನ್ನ ಚಿಂತೆ ಬಿಟ್ಟು ಅತ್ತೆಯ ಕಡೆ ನೋಡು.

ಬ್ಯಾಂಕಿಗೆ ನಾಳೆಯೇ ಹಣ ಹಾಕುತ್ತೇನೆ. ಆಪರೇಷನ್ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿ, ಮೈಸೂರಿನಲ್ಲಿ ಕೇಳುತ್ತಾರೆ. ಪುಟ್ಟ ಜೊತೆಗೆ ಹೋಗಲಿ, ಅಪ್ಪ ತೋಟ ಬಿಟ್ಟು ಹೋಗುವುದು ಬೇಡ. ಯಾವ ದಿನ ಹೋಗುತ್ತೀರಿ ಅಂತ ತಕ್ಷಣ ತಿಳಿಸು. ಇನ್ನೂ ಬರೆಯುವುದಿತ್ತು, ಹೊತ್ತಾಯಿತು, ನಾಳೆ ಬೇಗ ಏಳಬೇಕು.

ಎಲ್ಲರಿಗೂ ನಮಸ್ಕಾರ.

ನಿನ್ನ ಮಗಳು