ದಿಕ್ಕಿಲ್ಲದ ತಂತ್ರಾಂಶ: ಕಿತ್ತುಹಾಕುವ ಮುನ್ನ ವಿಂಗಡಿಸಿ

ಮಾನ್ಯರೇ,

ಲಿನಕ್ಸ್ ವಿತರಣೆಗಳಲ್ಲಿ ನೋಡಿಕೊಳ್ಳುವವರಿಲ್ಲದೆ ಉಳಿದ ಪ್ಯಾಕೇಜುಗಳನ್ನು (ಗಣಕಕ್ಕೆ ಹಾಕಿಕೊಳ್ಳಲು ಕಟ್ಟಿಟ್ಟ ತಂತ್ರಾಂಶದ ಗಂಟುಗಳನ್ನು) ಕಿತ್ತುಹಾಕಬೇಕೋ, ಇಟ್ಟುಕೊಳ್ಳಬೇಕೋ ಎಂಬ ಜಗಳ ಹಳೆಯದು. ಹುಬ್ಬಳ್ಳಿ-ಧಾರವಾಡದ ಕಾಲೇಜು ಲ್ಯಾಬುಗಳಲ್ಲಿ ಡೆಬಿಯನ್, ಉಬುಂಟು ನಡೆಸುವವರಿಗೆ ಇದರ ಬಿಸಿ ತಟ್ಟದೆ ಇರದು. ನಮ್ಮ ಅಭಿಪ್ರಾಯ ಇಷ್ಟು: ಪ್ರೋಗ್ರಾಮುಗಳ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಆದರೆ ಫಾಂಟು, ಕೀಲಿಮಣೆ ವಿನ್ಯಾಸ, ಪದಪಟ್ಟಿಗಳಿಗೂ ಅದೇ ಕತ್ತರಿ ಹಾಕಬಾರದು.

‘ಮೂಲೆಯಲ್ಲಿ ಬಿದ್ದಿರಲಿ ಬಿಡಿ, ಯಾರಿಗೇನು ತೊಂದರೆ’ ಎನ್ನುವವರಿದ್ದಾರೆ. ಪ್ಯಾಕೇಜು ಸುಮ್ಮನೆ ಬಿದ್ದಿರುವುದಿಲ್ಲ. ಒಂದು ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡು) ಬದಲಾದರೆ ಅದನ್ನು ನೆಚ್ಚಿಕೊಂಡದ್ದನ್ನೆಲ್ಲ ಮತ್ತೆ ಬಿಲ್ಡ್ ಮಾಡಬೇಕು, ಅಂದರೆ ಮೂಲ ಕೋಡಿನಿಂದ ಹೊಸದಾಗಿ ಕಟ್ಟಬೇಕು. ಅದರಲ್ಲಿ ಒಂದು ಕೈಕೊಟ್ಟರೂ ಡೆಬಿಯನ್‌ನ ಮುಂದಿನ ಆವೃತ್ತಿ ಸಿದ್ಧವಾಗುವ ಟೆಸ್ಟಿಂಗ್ ವಿಭಾಗಕ್ಕೆ ಹೋಗಬೇಕಾದ ಲೈಬ್ರರಿ ಬಾಗಿಲಲ್ಲೇ ನಿಲ್ಲಬಹುದು. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಬದಲಾದಾಗಲೂ ಅದೇ ಪಾಡು. 2024ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 14ನೇ ಆವೃತ್ತಿ, ಘೋಷಣೆಯಿಲ್ಲದೆ ಕರೆದ ಫಂಕ್ಷನ್ನಿಗೆ ಬರೀ ಎಚ್ಚರಿಕೆ ಕೊಡುವುದನ್ನು ಬಿಟ್ಟು ದೋಷವೆಂದೇ ಬಿಲ್ಡ್ ನಿಲ್ಲಿಸಿತು. ಎಷ್ಟೋ ಹಳೆಯ ಸಿ ಕೋಡಿಗೆ ಒಂದು ಹೆಡರ್ ಸಾಲು ಸೇರಿಸಿದರೆ ಸಾಕಿತ್ತು, ಆದರೆ ಸೇರಿಸುವವರಾರು? ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದ್ದರೂ ಡೆಬಿಯನ್ ಅದನ್ನು ಹೊರಹಾಕಿದ್ದು 2023ರ 12ನೇ ಆವೃತ್ತಿಯಲ್ಲಿ. ಅಷ್ಟು ವರ್ಷ ಆ ಭಾರ ಹೊತ್ತವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದ ಸ್ವಯಂಸೇವಕರು.

ಗಡುವಿನ ಪದ್ಧತಿ ಈಗಾಗಲೇ ಇದೆ. ಫೆಡೋರಾದಲ್ಲಿ ಅನಾಥವಾದ ಪ್ಯಾಕೇಜನ್ನು ಆರು ವಾರ ಯಾರೂ ಕೇಳದಿದ್ದರೆ ನಿವೃತ್ತಿ. ಜೆಂಟೂದಲ್ಲಿ ತೆಗೆಯುವ ಮುನ್ನ ಸಾಮಾನ್ಯವಾಗಿ 30 ದಿನದ ಸೂಚನೆ. ಡೆಬಿಯನ್‌ನಲ್ಲಿ ಹೀಗೆ ಬಿಟ್ಟ ಪ್ಯಾಕೇಜು ಗುಣಮಟ್ಟ ತಂಡದ ಹೆಸರಿಗೆ ಹೋಗಿ ವರ್ಷಗಟ್ಟಲೆ ಉಳಿಯುವುದುಂಟು.

ಮುಂದೆ ಬಂದವರ ಕೈಗೆ ಕೊಟ್ಟುಬಿಡಿ ಎಂಬ ಸಲಹೆಯನ್ನೂ ಹುಷಾರಾಗಿ ನೋಡಬೇಕು. ಎಕ್ಸ್‌ಝಡ್ ಎಂಬ ಸಂಕೋಚನ ಸಾಧನವನ್ನು ಹೆಚ್ಚುಕಡಿಮೆ ಒಬ್ಬರೇ ದಣಿದು ನಡೆಸುತ್ತಿದ್ದರು. ನೆರವಿಗೆ ಬಂದು ವಿಶ್ವಾಸ ಗಳಿಸಿದ ವ್ಯಕ್ತಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಅದು ಸಿಕ್ಕಿಬಿದ್ದದ್ದು ದೂರದ ಗಣಕಕ್ಕೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯೆಂದು ಒಬ್ಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ. ನೆಟ್‌ವರ್ಕ್‌ಗೆ ಕಿವಿಗೊಡುವ, ರೂಟ್ (ಗಣಕದ ಪೂರ್ಣ) ಅಧಿಕಾರದಲ್ಲಿ ಓಡುವ, ಹೊರಗಿನ ಕಡತ ಬಿಚ್ಚಿ ಓದುವ ತಂತ್ರಾಂಶಕ್ಕೆ ನಂಬಿಕಸ್ಥ ವಾರಸುದಾರರು ಸಿಗದಿದ್ದರೆ ತೆಗೆಯುವುದೇ ಸರಿ.

ಕನ್ನಡದ ಸಾಮಗ್ರಿಯ ಲೆಕ್ಕ ಬೇರೆ. ಹಲವು ಭಾಷೆಗಳ ಟೈಪಿಂಗ್ ವಿನ್ಯಾಸಗಳ ಎಂ17ಎನ್ ಸಂಗ್ರಹದಲ್ಲಿರುವ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಬರೀ ಪಠ್ಯ ಕಡತ: ಈ ಕೀಲಿ ಒತ್ತಿದರೆ ಈ ಅಕ್ಷರ, ಅಷ್ಟೇ. ಅದನ್ನು ಬಳಸುತ್ತಿದ್ದ ಟೈಪಿಂಗ್ ಸಾಧನ ಸ್ಕಿಮ್ ಮೂಲೆಗೆ ಸರಿಯಿತು, ಐಬಸ್ ಬಂತು, ಎಫ್‌ಸಿಐಟಿಎಕ್ಸ್ (Fcitx) 5 ಬಂತು. ಕೋಷ್ಟಕ ಅದೇ ಉಳಿಯಿತು. ಗುಬ್ಬಿ, ನವಿಲು ಫಾಂಟುಗಳಿಗೂ ಕಂಪೈಲರ್‌ನ ಕಾಟ ಅಷ್ಟಾಗಿ ಇಲ್ಲ. ಹಾಗಂತ ದತ್ತಾಂಶಕ್ಕೆ ಸಾವೇ ಇಲ್ಲ ಎನ್ನಲಾಗದು. 2019ರಲ್ಲಿ ಅಕ್ಷರ ಜೋಡಿಸುವ ಲೈಬ್ರರಿ ಪ್ಯಾಂಗೋದ 1.44ನೇ ಆವೃತ್ತಿ ಬಂದು ಟೈಪ್ 1 ಮತ್ತು ಬಿಟ್‌ಮ್ಯಾಪ್ ಫಾಂಟುಗಳ ಬೆಂಬಲ ಕೈಬಿಟ್ಟಿತು. ಹಳೆಯ ಫಾಂಟು ಇಲ್ಲದಿದ್ದರೆ ಹಳೆಯ ಪುಟ ಏನಾಗುತ್ತದೆಂದು ಗದುಗಿನ ಪ್ರೆಸ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟ್ರೂಟೈಪ್ ಅಥವಾ ಸರಳ ಪಠ್ಯದಲ್ಲಿದ್ದು, ಪರವಾನಗಿ ಸ್ಪಷ್ಟವಿದ್ದರೆ ನಿರ್ವಾಹಕರಿಲ್ಲದೆಯೂ ಇಟ್ಟುಕೊಳ್ಳಲಿ.

ಬಳಕೆದಾರರ ಎಣಿಕೆ ನೋಡಿ ತೀರ್ಮಾನಿಸುವುದು ನಮ್ಮಂಥ ಭಾಷೆಗಳಿಗೆ ನೇರ ಹೊಡೆತ. ಯಾವ ಪ್ಯಾಕೇಜು ಎಷ್ಟು ಬಳಕೆಯಲ್ಲಿದೆಯೆಂದು ಲೆಕ್ಕಹಾಕುವ ಡೆಬಿಯನ್‌ನ ಪಾಪ್‌ಕಾನ್ ಒಪ್ಪಿಗೆ ಕೊಟ್ಟ ಯಂತ್ರಗಳನ್ನಷ್ಟೇ ಎಣಿಸುತ್ತದೆ, ಅನುಸ್ಥಾಪನೆಯಲ್ಲಿ ಕೇಳುವ ಪ್ರಶ್ನೆಗೆ ಮೊದಲೇ ತುಂಬಿಟ್ಟ ಉತ್ತರ ‘ಬೇಡ’. ಒಂದೇ ಡಿಸ್ಕ್ ಪ್ರತಿಯಿಂದ 40 ಗಣಕಗಳನ್ನು ಸಜ್ಜುಗೊಳಿಸಿದ ಲ್ಯಾಬಿನಲ್ಲಿ ಎಲ್ಲಕ್ಕೂ ಒಂದೇ ಗುರುತು ಸಂಖ್ಯೆ ಉಳಿದರೆ ಆ ಎಣಿಕೆಯಲ್ಲಿ ನಲವತ್ತೂ ಸೇರಿ ಒಂದೇ ಗಣಕವಾಗಿಬಿಡುತ್ತವೆ. ಲ್ಯಾಬ್ ಸಹಾಯಕರು ಪ್ರತಿ ಗಣಕಕ್ಕೂ ಹೊಸ ಗುರುತು ಕೊಟ್ಟು ಪಾಪ್‌ಕಾನ್‌ಗೆ ‘ಹೌದು’ ಎನ್ನಲಿ.

ಇನ್ನೊಂದು ವಿಷಯ ಹಲವರ ಗಮನಕ್ಕೇ ಬರುವುದಿಲ್ಲ. ವಿತರಣೆಯ ಭಂಡಾರದಿಂದ ತೆಗೆದ ಪ್ಯಾಕೇಜು ನಿಮ್ಮ ಗಣಕದಿಂದ ತಾನಾಗಿ ಹೋಗುವುದಿಲ್ಲ. ಆವೃತ್ತಿ ಏರಿಸಿದ ಮೇಲೂ ಭದ್ರತಾ ತೇಪೆ ಇಲ್ಲದೆ ಅಲ್ಲೇ ಕೂತಿರಬಹುದು. ಏರಿಸಿದ ಕೂಡಲೇ ‘ಆಪ್ಟ್ ಲಿಸ್ಟ್’ ಆದೇಶದ ನಂತರ ಟಿಲ್ಡ ಚಿಹ್ನೆ, ಅದಕ್ಕಂಟಿ ಸಣ್ಣ ‘ಓ’ ಬರೆದು (apt list ~o) ಓಡಿಸಿ. ಯಾವ ಭಂಡಾರದಲ್ಲೂ ಇಲ್ಲದವುಗಳ ಪಟ್ಟಿ ಬರುತ್ತದೆ. ನೀವೇ ಹೊರಗಿನಿಂದ ಹಾಕಿಕೊಂಡ ಪ್ರಿಂಟರ್ ಡ್ರೈವರ್ ಮುಂತಾದವೂ ಅದರಲ್ಲಿರುತ್ತವೆ, ಕಣ್ಣುಮುಚ್ಚಿ ಎಲ್ಲ ಅಳಿಸಬೇಡಿ.

ಅನಾಥ ಪ್ಯಾಕೇಜುಗಳು ತಮ್ಮ ಗಣಕದಲ್ಲಿ ಯಾವುವಿವೆ ಎಂದು ತಿಳಿಯಲು ಡೆಬಿಯನ್‌ನ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನಲ್ಲಿರುವ ಡಬ್ಲ್ಯುಎನ್‌ಪಿಪಿ-ಅಲರ್ಟ್ (wnpp-alert) ಆದೇಶ ಓಡಿಸಬಹುದು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಹಾಜರಾತಿ ಆ್ಯಪ್ ಬರೆಸುವ ಬದಲು ಆ ಪಟ್ಟಿಯಿಂದ ಒಂದನ್ನು ಕೊಡಲಿ: ಡೆಬಿಯನ್‌ನ ಅಭಿವೃದ್ಧಿ ವಿಭಾಗವಾದ ಅನ್‌ಸ್ಟೇಬಲ್‌ನಲ್ಲಿ ಬಿಲ್ಡ್ ಮಾಡಿ, ಎಲ್ಲಿ ಮುರಿಯಿತು ನೋಡಿ, ತೇಪೆಯನ್ನು ದೋಷ ದಾಖಲೆಗೆ ಕಳಿಸಿ. ಡೆಬಿಯನ್‌ನಲ್ಲಿ ಸದಸ್ಯರಲ್ಲದವರ ಕೆಲಸವನ್ನು ಪರಿಶೀಲಿಸಿ ಅಪ್‌ಲೋಡ್ ಮಾಡಲು ಒಬ್ಬ ಪ್ರಾಯೋಜಕರು ಬೇಕು. ಅವರೂ ಸ್ವಯಂಸೇವಕರೇ ಆದ್ದರಿಂದ ಉತ್ತರಕ್ಕೆ ವಾರಗಳೇ ಹಿಡಿದಾವು. ಸೆಮಿಸ್ಟರ್‌ನ ಮೊದಲ ತಿಂಗಳಲ್ಲೇ ಕಳಿಸುವುದು ಒಳ್ಳೆಯದು.

– ಕೆಲವು ಲಿನಕ್ಸ್ ಬಳಕೆದಾರರು, ಧಾರವಾಡ