ಸಹಾಯಧನ ಬಿಲ್ಲಿಗಲ್ಲ, ಅಳತೆಗೆ ಸಿಗಲಿ: ಕೈಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೈಗಾರಿಕಾ ಸಚಿವರಿಗೆ,

ನಮಸ್ಕಾರಗಳು.

ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳನ್ನು ಡಿಜಿಟಲ್ ಮಾಡುವ ಸಹಾಯಧನದ ಮಾರ್ಗಸೂಚಿಯಲ್ಲಿ ಒಂದು ಸಾಲು ಇರುತ್ತದೆ: ಖರೀದಿಯ ಬಿಲ್ ಸಲ್ಲಿಸಿದರೆ ಹಣ ಬಿಡುಗಡೆ. ಆ ಸಾಲನ್ನು ಬದಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ. ಬಿಲ್ಲಿಗೆ ಹಣ ಸಿಗುವವರೆಗೆ ಕಾರ್ಖಾನೆಗಳು ಕೊಳ್ಳುವುದನ್ನಷ್ಟೇ ಮಾಡುತ್ತವೆ. ಸೆನ್ಸರ್ ಬರುತ್ತದೆ, ಸಾಫ್ಟ್‌ವೇರ್ ಬರುತ್ತದೆ, ಗೋಡೆಗೊಂದು ದೊಡ್ಡ ಪರದೆಯೂ ಬರುತ್ತದೆ. ಕೆಲವೇ ತಿಂಗಳಲ್ಲಿ ಪರದೆಯ ಅಂಕಿಯನ್ನು ನಂಬುವವರಿಲ್ಲದೆ ಸೂಪರ್‌ವೈಸರ್ ಮತ್ತೆ ಜೇಬಿನ ನೋಟ್‌ಬುಕ್ಕಿಗೆ ಮರಳುತ್ತಾರೆ.

ಕಾರ್ಖಾನೆಗೆ ಮೊದಲು ಬೇಕಾದದ್ದು ತನ್ನ ನಷ್ಟ ಎಲ್ಲಿದೆ ಎಂಬ ತಿಳಿವಳಿಕೆ. ಒಂದು ಲೆಕ್ಕ ನೋಡಿ. 480 ನಿಮಿಷದ ಪಾಳಿಯಲ್ಲಿ ವಿರಾಮಕ್ಕೆ 30 ನಿಮಿಷ ಕಳೆದರೆ ಉಳಿಯುವುದು 450. ಅದರಲ್ಲಿ ಯಂತ್ರ ರಿಪೇರಿಗೆ, ಡೈ (ಬಿಡಿಭಾಗಕ್ಕೆ ಆಕಾರ ಕೊಡುವ ಅಚ್ಚು) ಬದಲಿಸಲು, ಸಾಮಗ್ರಿಗಾಗಿ ಕಾಯುತ್ತ 90 ನಿಮಿಷ ನಿಂತಿತು ಎನ್ನೋಣ. ಓಡಿದ್ದು 360 ನಿಮಿಷ, ಅಂದರೆ ಲಭ್ಯತೆ ಶೇ. 80. ಅರ್ಧ ನಿಮಿಷಕ್ಕೊಂದರಂತೆ 720 ಬಿಡಿಭಾಗ ಬರಬೇಕಿತ್ತು, ಬಂದದ್ದು 612, ವೇಗ ಶೇ. 85. ಅದರಲ್ಲಿ 18 ರಿಜೆಕ್ಟ್ ಆದರೆ ಗುಣಮಟ್ಟ ಶೇ. 97. ಮೂರನ್ನೂ ಗುಣಿಸಿದರೆ ಸಿಗುವುದು ಶೇ. 66. ಇದನ್ನೇ ಓಇಇ, ಅಂದರೆ ಯಂತ್ರದ ಒಟ್ಟು ಪರಿಣಾಮಕಾರಿತ್ವ (ಓವರಾಲ್ ಇಕ್ವಿಪ್‌ಮೆಂಟ್ ಎಫೆಕ್ಟಿವ್‌ನೆಸ್), ಎನ್ನುವುದು.

ನಿಮಿಷಗಳಲ್ಲಿ ಬಿಡಿಸಿದರೆ 153 ನಿಮಿಷ ಹೋಗಿದೆ: ನಿಲುಗಡೆಗೆ 90, ರಿಜೆಕ್ಷನ್‌ಗೆ 9, ನಿಧಾನಕ್ಕೆ 54. ತೊಂಬತ್ತನ್ನು ಲಾಗ್‌ಬುಕ್ಕಿನಲ್ಲಿ ಬರೆದಿರುತ್ತಾರೆ, ಒಂಬತ್ತು ಗುಣಮಟ್ಟ ವಿಭಾಗಕ್ಕೆ ಗೊತ್ತಿರುತ್ತದೆ. ಆದರೆ ಐವತ್ತನಾಲ್ಕು ನಿಮಿಷ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಭಾಗ ಸಿಕ್ಕಿಕೊಂಡು ಇಪ್ಪತ್ತು ಸೆಕೆಂಡ್, ಸೆನ್ಸರ್ ಮೇಲೆ ಎಣ್ಣೆ ಕೂತು ಮೂವತ್ತು ಸೆಕೆಂಡ್, ಹೀಗೆ ಸೋರಿಹೋಗುವ ಸಮಯ ಅದು. ಡಿಜಿಟಲ್ ಸಾಧನ ನಿಜಕ್ಕೂ ಬೇಕಾಗುವುದು ಇಲ್ಲಿ. ಉಳಿದ ತೊಂಬತ್ತೊಂಬತ್ತು ನಿಮಿಷಕ್ಕೆ ಪೆನ್ನು, ಕಾಗದ, ಎರಡು ವಾರದ ಶಿಸ್ತು ಸಾಕು.

ಆದ್ದರಿಂದ ಮೊದಲ ಕಂತಿಗೆ ಷರತ್ತು ಒಂದೇ ಇರಲಿ. ಇಡೀ ಉತ್ಪಾದನಾ ಸಾಲನ್ನು ತಡೆದು ನಿಲ್ಲಿಸುವ ಯಂತ್ರ ಯಾವುದೆಂದು ಗುರುತಿಸಿ, ಅದೊಂದರದ್ದೇ ಎರಡು ವಾರಗಳ ನಿಲುಗಡೆ ದಾಖಲೆಯನ್ನು ಎಲ್ಲ ಪಾಳಿಗಳಿಂದ ತರಬೇಕು. ಕೊಟೇಶನ್ ಕೇಳುವುದು ಅದಾದ ಮೇಲೆ. ಡೈ ಬದಲಾವಣೆಯೇ ದೊಡ್ಡ ನಷ್ಟ ಎಂದು ಕಾಗದದಲ್ಲೇ ಗೊತ್ತಾದರೆ ಅಲ್ಲಿ ಬೇಕಾದದ್ದು ಸಾಫ್ಟ್‌ವೇರ್ ಅಲ್ಲ. ಹೊಸ ಡೈ, ಬೋಲ್ಟ್, ಸ್ಪ್ಯಾನರ್‌ಗಳನ್ನು ಯಂತ್ರ ನಿಲ್ಲುವ ಮೊದಲೇ ಪಕ್ಕಕ್ಕೆ ತಂದಿಡುವ ಒಂದು ಟ್ರಾಲಿ ಬೇಕು. ಆ ಟ್ರಾಲಿಗೂ ಸಹಾಯಧನ ಸಿಗುವಂತಿರಬೇಕು.

ಹಳೆಯ ಯಂತ್ರಗಳ ಬಗ್ಗೆ ತಮ್ಮ ಅಧಿಕಾರಿಗಳಿಗೆ ಒಂದು ತಪ್ಪು ಕಲ್ಪನೆ ಇರಬಹುದು. ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕೈಗಾರಿಕಾ ಕಂಪ್ಯೂಟರ್) ಇಲ್ಲದ ಪ್ರೆಸ್ ಅಥವಾ ಲೇತ್ ಡಿಜಿಟಲ್ ಆಗಲಾರದು, ಹೊಸದನ್ನೇ ಕೊಳ್ಳಬೇಕು ಎಂಬುದು ನಿಜವಲ್ಲ. ಮೋಟಾರಿನ ಕೇಬಲ್ ಕತ್ತರಿಸದೆ, ಸುತ್ತ ಕ್ಲಿಪ್‌ನಂತೆ ಹಾಕಿ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಒಂದು ದಾರಿ. ಮೂರು ಬಣ್ಣದ ಟವರ್ ಲೈಟ್ ಇದ್ದರೆ ಅದರ 24 ವೋಲ್ಟ್ ಸಂಕೇತ ಇನ್ನೊಂದು. ಇವೆರಡೂ ಸೇರಿದರೆ ಯಂತ್ರ ಓಡುತ್ತಿದೆಯೋ, ಖಾಲಿ ತಿರುಗುತ್ತಿದೆಯೋ, ನಿಂತಿದೆಯೋ ತಿಳಿಯುತ್ತದೆ. ಟವರ್ ಲೈಟಿನ ತಂತಿಯನ್ನು ಆಪ್ಟೋಕಪ್ಲರ್ (ವಿದ್ಯುತ್ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) ಮೂಲಕವೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹೊರಗಿನ ದೋಷ ಯಂತ್ರದ ಕಂಟ್ರೋಲ್ ಸರ್ಕ್ಯೂಟಿಗೆ ಹೋಗುತ್ತದೆ. ಕರೆಂಟ್ ಹರಿಯುತ್ತಿರುವಾಗ ಟ್ರಾನ್ಸ್‌ಫಾರ್ಮರಿನಿಂದ ಅಳತೆ ಸಾಧನಕ್ಕೆ ಹೋಗುವ ಸೆಕೆಂಡರಿ ತಂತಿಗಳನ್ನು ಬಿಚ್ಚಿಡಲೇಬಾರದು. ಆ ತುದಿಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜ್ ಏಳಬಹುದು.

ಅಂಕಿ ಸುಳ್ಳಾಗುವುದು ಬಹುಪಾಲು ಸಣ್ಣ ತಪ್ಪುಗಳಿಂದ. ಒಂದೊಂದು ಬಿಡಿಭಾಗಕ್ಕೂ ಬರುವ, 50 ಮಿಲಿಸೆಕೆಂಡ್ ಮಾತ್ರ ಇರುವ ಎಣಿಕೆಯ ಪಲ್ಸನ್ನು (ಕ್ಷಣಿಕ ವಿದ್ಯುತ್ ಸಂಕೇತವನ್ನು) ಸೆಕೆಂಡಿಗೊಮ್ಮೆ ಓದುವ ಸಾಧನ ಹಿಡಿಯಲಾರದು. ಎಣಿಕೆ ಸಾಧನದ ಒಳಗಿನ ಕೌಂಟರಿನಲ್ಲೇ ಆಗಬೇಕು. ಮಾಡ್‌ಬಸ್ ಎಂಬುದು ಸಾಧನಗಳು ಪರಸ್ಪರ ಮಾಹಿತಿ ಕೇಳಿ ಕೊಡುವ 1979ರ ಕ್ರಮ, ಇಂದಿಗೂ ಹಲವು ಎನರ್ಜಿ ಮೀಟರುಗಳ ಭಾಷೆ ಅದೇ. ಮೀಟರಿನ ಕೈಪಿಡಿ 40001 ಎನ್ನುವ ವಿಳಾಸವನ್ನು ಸಾಫ್ಟ್‌ವೇರ್ 0 ಎಂದು ಕೇಳುತ್ತದೆ. ಒಂದು ಸಂಖ್ಯೆ ಆಚೀಚೆಯಾದರೆ ವೋಲ್ಟೇಜ್ ಜಾಗದಲ್ಲಿ ಇನ್ನೇನೋ ಬರುತ್ತದೆ. 32 ಬಿಟ್ ಮೌಲ್ಯ ಎರಡು ರಿಜಿಸ್ಟರುಗಳಲ್ಲಿ (ಮೀಟರ್ ಅಂಕಿ ಇಡುವ ಖಾನೆಗಳಲ್ಲಿ) ಬರುವಾಗ ಯಾವುದು ಮೊದಲು ಎಂಬುದು ತಿರುವುಮುರುವಾದರೆ ಅರ್ಥವಿಲ್ಲದ ಅಂಕಿ. ಮೀಟರುಗಳನ್ನು ಜೋಡಿಸುವ ಆರ್‌ಎಸ್-485 ಸಂಪರ್ಕ ತಂತಿಯ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಹಾಕದೆ ಉದ್ದಕ್ಕೆ ಎಳೆದರೆ, ಅಥವಾ ಅದನ್ನು ಮೋಟಾರ್ ಡ್ರೈವಿನ ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಮಲಗಿಸಿದರೆ, ಸಂಪರ್ಕ ಆಗಾಗ ಕಡಿಯುತ್ತದೆ. ಎರಡು ಯಂತ್ರಗಳ ಗಡಿಯಾರ ಮೂರು ನಿಮಿಷ ಬೇರೆಯಾಗಿದ್ದರೆ ಯಾವುದು ಮೊದಲು ನಿಂತಿತು ಎಂಬ ಉತ್ತರವೇ ತಲೆಕೆಳಗಾಗಿ, ರಿಪೇರಿ ಸಿಬ್ಬಂದಿ ತಪ್ಪು ಯಂತ್ರವನ್ನು ಬಿಚ್ಚುತ್ತಾರೆ. ನೆಟ್‌ವರ್ಕ್ ಹೋದ ಹೊತ್ತಿನ ಮಾಹಿತಿಯನ್ನು ಸಾಧನವೇ ಕೂಡಿಟ್ಟುಕೊಂಡು ಆಮೇಲೆ ಕಳಿಸಬೇಕು. ಈ ಐದಾರು ಅಂಶಗಳು ಟೆಂಡರಿನ ತಾಂತ್ರಿಕ ಷರತ್ತಾಗಿ ಬಂದರೆ ಅರ್ಧ ಜಗಳ ತಪ್ಪುತ್ತದೆ.

ಯಂತ್ರ ನಿಂತದ್ದನ್ನು ಸೆನ್ಸರ್ ಹೇಳುತ್ತದೆ. ಏಕೆ ನಿಂತಿತು ಎಂಬುದನ್ನು ಹೇಳಬೇಕಾದವರು ಆಪರೇಟರ್. ನಲವತ್ತು ಕಾರಣಗಳ ಪಟ್ಟಿ ಕೊಟ್ಟರೆ ಅವರು 'ಇತರೆ' ಒತ್ತುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಎಂಟು ಗುಂಡಿ, ಅವರ ಭಾಷೆಯಲ್ಲಿ, ಕೈಗವಸು ಹಾಕಿಕೊಂಡೇ ಒತ್ತುವಷ್ಟು ದೊಡ್ಡದು. ಇದಕ್ಕಿಂತ ಮುಖ್ಯವಾದದ್ದು ನಂಬಿಕೆ. ನಿಲುಗಡೆಯ ನಿಮಿಷಗಳನ್ನು ಒಮ್ಮೆ ಸಂಬಳ ಕಡಿತಕ್ಕೋ ನೋಟಿಸಿಗೋ ಬಳಸಿದರೆ ಮರುದಿನದಿಂದಲೇ ದಾಖಲೆ ಸುಳ್ಳಾಗುತ್ತದೆ, ಆಮೇಲೆ ಎಷ್ಟೇ ಖರ್ಚು ಮಾಡಿದರೂ ಅದು ಸರಿಹೋಗದು. ಸಹಾಯಧನ ಪಡೆಯುವ ಮಾಲೀಕರು 'ಈ ಮಾಹಿತಿಯನ್ನು ಕಾರ್ಮಿಕರ ಶಿಕ್ಷೆಗೆ ಬಳಸುವುದಿಲ್ಲ' ಎಂದು ಬರೆದುಕೊಡಲಿ, ಆ ಪ್ರತಿ ಶಾಪ್ ಫ್ಲೋರಿನ ಸೂಚನಾ ಫಲಕದಲ್ಲಿರಲಿ.

ಕೃತಕ ಬುದ್ಧಿಮತ್ತೆಯಿಂದ ಬ್ರೇಕ್‌ಡೌನ್ ಮೊದಲೇ ಹೇಳುತ್ತೇವೆ ಎನ್ನುವ ಅರ್ಜಿಗಳು ತಮ್ಮ ಮೇಜಿಗೆ ಬರುತ್ತವೆ. ವರ್ಷಕ್ಕೆರಡು ಸಲ ಕೆಡುವ ಯಂತ್ರದಿಂದ ಕಲಿಯಲು ಉದಾಹರಣೆಗಳೇ ಸಾಲವು. ಬೇರಿಂಗ್ ದೋಷದ ಮೊದಲ ಗುರುತು ಸಿಗಬೇಕಾದರೆ ಕಂಪನವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯಬೇಕು. ನಿಮಿಷಕ್ಕೊಂದು ಅಂಕಿ ಕಳಿಸುವ ಅಗ್ಗದ ಸೆನ್ಸರಿನಿಂದ ಆಗುವ ಕೆಲಸವಲ್ಲ. ಒಂದು ವರ್ಷದ ನಂಬಬಹುದಾದ ನಿಲುಗಡೆ ದಾಖಲೆ ಇಲ್ಲದ ಕಾರ್ಖಾನೆಯ ಇಂತಹ ಅರ್ಜಿಯನ್ನು ದಯವಿಟ್ಟು ಬದಿಗಿಡಿ.

ಸುರಕ್ಷತೆಯ ಮಾತು. 2019ರ ಮಾರ್ಚಿನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ ರ‍್ಯಾನ್ಸಮ್‌ವೇರ್ ದಾಳಿಗೆ, ಅಂದರೆ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳುವ ದಾಳಿಗೆ, ಸಿಕ್ಕಿತು. ಹಣ ಕೊಡಲು ಒಪ್ಪದೆ, ಅದು ಹಲವು ಘಟಕಗಳಲ್ಲಿ ಕೈಯಿಂದಲೇ ಕೆಲಸ ನಡೆಸಿತು. ಅಷ್ಟು ಸಾಮರ್ಥ್ಯ ಸಣ್ಣ ಕಾರ್ಖಾನೆಗೆ ಇರುವುದಿಲ್ಲ. ಕಚೇರಿಯ ಕಂಪ್ಯೂಟರುಗಳೂ ಯಂತ್ರಗಳೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಲೆಕ್ಕಪತ್ರ ವಿಭಾಗದಲ್ಲಿ ತೆರೆದ ಒಂದು ಇಮೇಲ್ ಪ್ರೆಸ್ ನಿಲ್ಲಿಸಬಹುದು. ನಡುವೆ ಫೈರ್‌ವಾಲ್, ಯಂತ್ರ ಪೂರೈಸಿದವರ ರಿಮೋಟ್ ಸಂಪರ್ಕಕ್ಕೆ ಬೇಕಾದಾಗ ಮಾತ್ರ ಹಾಕುವ ಸ್ವಿಚ್, ಪ್ರತಿ ಪಿಎಲ್‌ಸಿ ಪ್ರೋಗ್ರಾಮಿನ ಪ್ರತಿಯನ್ನು ನೆಟ್‌ವರ್ಕಿನ ಹೊರಗೆ ಇಡುವುದು: ಈ ಮೂರೂ ಸಹಾಯಧನಕ್ಕೆ ಕಡ್ಡಾಯವಾಗಲಿ. ಪಿಎಲ್‌ಸಿ ಪಾಸ್‌ವರ್ಡ್ ಮಾಲೀಕರ ಕೈಗೆ ಬಂದಿರಬೇಕು. ಅದನ್ನು ತಮ್ಮಲ್ಲೇ ಇಟ್ಟುಕೊಂಡ ಗುತ್ತಿಗೆದಾರರು ಅಂಗಡಿ ಮುಚ್ಚಿದ ದಿನ ಯಂತ್ರವೂ ಅವರೊಂದಿಗೆ ಹೋದಂತೆ.

ಇವೆಲ್ಲ ಸುತ್ತೋಲೆಯಿಂದ ಆಗುವುದಿಲ್ಲ, ಜೊತೆಗೆ ನಡೆಯುವವರು ಬೇಕು. ಯಂತ್ರ ಗೊತ್ತಿರುವ ಒಬ್ಬರು, ನೆಟ್‌ವರ್ಕ್ ಗೊತ್ತಿರುವ ಒಬ್ಬರು, ಹೀಗೆ ಇಬ್ಬರ ಜೋಡಿ. ಮೊದಲ ಎರಡು ವಾರ ಪ್ರತಿದಿನ, ಆಮೇಲೆ ಮೂರು ತಿಂಗಳು ವಾರಕ್ಕೊಂದು ದಿನ, ಅದರಲ್ಲಿ ಕೆಲವು ಭೇಟಿ ರಾತ್ರಿ ಪಾಳಿಯಲ್ಲಿ. ಅವರ ಸಂಬಳ ಯೋಜನೆಯಿಂದಲೇ ಬರಲಿ. ಸಾಧನ ಮಾರುವವರಿಂದ ಒಂದು ಪೈಸೆ ಕಮಿಷನ್ ಕೂಡದು.

ಎರಡನೇ ಕಂತು ಮೂರು ತಿಂಗಳ ಬಳಿಕ, ಅದೇ ಯಂತ್ರದ ಮೊದಲಿನ ಮತ್ತು ಈಗಿನ ನಷ್ಟದ ನಿಮಿಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ. ನಷ್ಟ ಇಳಿಯದಿದ್ದರೂ ಅಳತೆ ಪ್ರಾಮಾಣಿಕವಾಗಿದ್ದರೆ ಹಣ ತಡೆಯಬೇಡಿ. ತಡೆದರೆ ಎಲ್ಲರೂ ಇಳಿದ ಅಂಕಿಯನ್ನೇ ಬರೆಯುತ್ತಾರೆ. ಕೊನೆಯ ಕಂತು ವರ್ಷದ ನಂತರ. ಆಗ ಪರಿಶೀಲನೆಗೆ ಹೋಗುವ ಅಧಿಕಾರಿ ಸರ್ವರ್ ಕೋಣೆಗೆ ಹೋಗುವ ಬದಲು ಯಾವುದಾದರೂ ಪಾಳಿಯ ಆಪರೇಟರ್ ಬಳಿ ನಿಂತು, 'ಕಳೆದ ವಾರ ಈ ಯಂತ್ರ ಹೆಚ್ಚು ಹೊತ್ತು ನಿಂತದ್ದು ಯಾವುದಕ್ಕೆ, ಅದಕ್ಕೆ ಏನು ಮಾಡಿದಿರಿ?' ಎಂದು ಕೇಳಲಿ.

ತಮ್ಮ ವಿಶ್ವಾಸಿಗಳು,
ಕಾರ್ಖಾನೆಗಳ ಡಿಜಿಟಲೀಕರಣದಲ್ಲಿ ದುಡಿಯುವ ತಂತ್ರಜ್ಞರು